ಉಸಿರು, ಹಾರ್ಮೋನು ಮತ್ತು ಅವ್ವನ ಮಾತ್ರೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಆ ಮೂಲೆಯ ಕೊಠಡಿ ಇದೆಯಲ್ಲ, ಈಗ ಕಂಪ್ಯೂಟರ್ ಕೊಠಡಿ ಎಂದು ಬೋರ್ಡು ಹಾಕಿದ್ದಾರೆ, ನಮ್ಮ ಕಾಲದಲ್ಲಿ ಅದು ಹತ್ತನೇ ತರಗತಿ 'ಬಿ' ವಿಭಾಗ. ಮಳೆ ಬಂದರೆ ಹೆಂಚಿನ ಸಂದಿಯಿಂದ ನೀರು ಸೋರಿ ಕೊನೆಯ ಬೆಂಚಿನವರು ಮುಂದಕ್ಕೆ ಬರುತ್ತಿದ್ದರು. ನಾನು ಮೊದಲ ಬೆಂಚಿನಲ್ಲಿ ಕೂತದ್ದು ಮಳೆಗಾಲದಲ್ಲಿ ಮಾತ್ರ. ಆಮೇಲೆ ಪಿ.ಯು.ಸಿ., ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ.

ಸಮಿತಿಯವರು ಫೋನು ಮಾಡಿ, "ಕಂಪ್ಯೂಟರ್ ಬಗ್ಗೆ ಮಾತಾಡಪ್ಪ, ಮಕ್ಕಳಿಗೆ ಕೆಲಸ ಹೆಂಗೆ ಸಿಗುತ್ತೆ ಅಂತ ಹೇಳು" ಎಂದರು. ಅದನ್ನು ಹೇಳುವುದಕ್ಕೆ ನನಗಿಂತ ಬುದ್ಧಿವಂತರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಉಸಿರಾಟದ ಬಗ್ಗೆ, ಹಾರ್ಮೋನುಗಳ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅದು ಡಾಕ್ಟರು ಹೇಳೋದಲ್ಲವೇನೋ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ನಾನು ಡಾಕ್ಟರಲ್ಲ. ಆದರೆ ಈ ವಿಷಯದಲ್ಲಿ ಒಂದು ಸಲ ನನಗೆ ಬಹಳ ಒಳ್ಳೆಯದಾಗಿದೆ, ಇನ್ನೊಂದು ಸಲ ನನ್ನಿಂದ ನನ್ನ ಮನೆಯಲ್ಲೇ ಕೆಟ್ಟದ್ದಾಗಿದೆ. ಎರಡನ್ನೂ ಹೇಳಿದರೆ ಊರಿಗೆ ಉಪಯೋಗವಾದೀತು ಎಂದು ಬಂದಿದ್ದೇನೆ.

ಮೊದಲು ಒಳ್ಳೆಯದು.

ನಮ್ಮ ಕೆಲಸದಲ್ಲಿ 'ಆನ್‌ಕಾಲ್' ಎಂಬುದೊಂದಿದೆ. ಜನ ರಾತ್ರಿ ಹೊತ್ತಿನಲ್ಲೂ ಮೊಬೈಲಿನಲ್ಲಿ ದುಡ್ಡು ಕಳಿಸುತ್ತಾರೆ, ಟಿಕೆಟ್ ತೆಗೆಯುತ್ತಾರೆ. ಅದನ್ನೆಲ್ಲ ನಡೆಸುವ ಯಂತ್ರಗಳು ಕೆಟ್ಟರೆ, ಪಾಳಿ ಯಾರದೋ ಅವರ ಫೋನು ಹೊಡೆದುಕೊಳ್ಳುತ್ತದೆ. ಬಡಾವಣೆಯೆಲ್ಲ ಮಲಗಿರುವಾಗ ಎದ್ದು ಕೂತು ರಿಪೇರಿ ಮಾಡಬೇಕು. 2019ರಲ್ಲಿ ನಾಲ್ಕೈದು ವಾರ ಒಂದೇ ಸಮನೆ ಹೀಗಾಯಿತು. ಕೊನೆಗೆ ಫೋನು ಹೊಡೆಯದಿದ್ದರೂ ಎರಡೂವರೆಗೆ ತಾನಾಗಿಯೇ ಎಚ್ಚರವಾಗತೊಡಗಿತು. ಒಂದು ರಾತ್ರಿ ಎದ್ದವನಿಗೆ ಎದೆ ಹಿಡಿದಂತಾಯಿತು. ಗುಂಡಿಗೆ ಹೊಡೆದುಕೊಳ್ಳುವ ಸದ್ದು ಕಿವಿಗೇ ಕೇಳುತ್ತಿತ್ತು. ಬೆರಳ ತುದಿಗಳೆಲ್ಲ ಜುಮುಜುಮು, ತುಟಿಯ ಸುತ್ತ ಮರಗಟ್ಟಿದ ಹಾಗೆ. ಮೂವತ್ತು ವರ್ಷವೂ ತುಂಬದ ನನಗೆ ಹಾರ್ಟ್ ಅಟ್ಯಾಕ್ ಆಗಿದೆ, ಮುಗಿಯಿತು ಎಂದುಕೊಂಡೆ. ಹೆಂಡತಿ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಎಲ್ಲವೂ ಸರಿಯಾಗಿಯೇ ಇತ್ತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನನಗಿಂತ ಚಿಕ್ಕವರು. ಮಂಚದ ಪಕ್ಕ ನಿಂತು, "ಎದೆ ಹಿಡಿದುಕೊಂಡಾಗ ಆಸ್ಪತ್ರೆಗೆ ಬಂದದ್ದು ಸರಿ, ಮುಂದೆಯೂ ಬನ್ನಿ. ಆದರೆ ಈಗ ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ. ನೀವು ಗಾಬರಿಯಲ್ಲಿ ಸಣ್ಣ ಸಣ್ಣ ಉಸಿರು ಬೇಗ ಬೇಗ ಬಿಡುತ್ತಿದ್ದೀರಿ. ಮೂಗಿನಿಂದ ತೆಗೆದುಕೊಂಡು, ತುಟಿ ಸಣ್ಣ ಮಾಡಿ, ನಿಧಾನವಾಗಿ ಬಿಡಿ, ಬಿಸಿ ಕಾಫಿ ಆರಿಸುವ ಹಾಗೆ" ಎಂದರು.

ನನಗೆ ಆ ಸಂಕಟದಲ್ಲೂ ನಗು ಬಂತು. ಯಾಕೆಂದರೆ ಆ ಮಾತನ್ನು ನಾನು ಹದಿನೈದು ವರ್ಷದ ಹಿಂದೆಯೇ ಇದೇ ಮೈದಾನದಲ್ಲಿ ಕೇಳಿದ್ದೆ. ಸಾವಿರದ ಐನೂರು ಮೀಟರ್ ಓಡಿ ಬಂದು ಮೊಣಕಾಲಿಗೆ ಕೈ ಊರಿ ಬಾಯಿ ಬಿಟ್ಟು ಏದುತ್ತಿದ್ದರೆ ನಮ್ಮ ಪಿ.ಟಿ. ಮೇಷ್ಟ್ರು ಸೀಟಿ ಊದಿ ಕೂಗುತ್ತಿದ್ದರು: "ಬಗ್ಗಬ್ಯಾಡ್ರೋ, ನಡೀರಿ! ಮೂಗಲ್ಲಿ ತಗಳಿ, ಬಾಯಲ್ಲಿ ನಿಧಾನಕ್ಕೆ ಬಿಡಿ, ಬಿಸಿ ಟೀ ಆರಿಸ್ದಂಗೆ!" ಅವರದು ಟೀ, ಡಾಕ್ಟರಮ್ಮನದು ಕಾಫಿ. ಅಷ್ಟೇ ವ್ಯತ್ಯಾಸ. ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಯಿತು, ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹತ್ತು ನಿಮಿಷದಲ್ಲಿ ನನ್ನ ಬೆರಳಿನ ಜುಮುಜುಮು ಇಳಿಯಿತು ಸಾರ್. ಆವತ್ತು ಹೇಳಲಾಗದ ಥ್ಯಾಂಕ್ಸ್ ಇವತ್ತು ಹೇಳುತ್ತಿದ್ದೇನೆ.

ಮನೆಗೆ ಬಂದ ಮೇಲೆ ನನಗೆ ಇಂಜಿನಿಯರನ ಚಟ. ಇದು ಹೇಗೆ ಕೆಲಸ ಮಾಡಿತು ಎಂದು ತಿಳಿಯದೆ ಸಮಾಧಾನವಿಲ್ಲ. ಓದತೊಡಗಿದೆ. ಓದಿದ್ದರಲ್ಲಿ ಮುಖ್ಯವಾದುದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುತ್ತೇನೆ.

ರಾತ್ರಿ ತೋಟಕ್ಕೆ ನೀರು ಹಾಯಿಸಲು ಹೋದಾಗ ಬದುವಿನ ಮೇಲೆ ಚಿರತೆ ಕಂಡಿತು ಅಂದುಕೊಳ್ಳಿ. ನೀವು ಯೋಚನೆ ಮಾಡುವುದಕ್ಕೆ ಮೊದಲೇ ಮೈ ತಯಾರಾಗಿರುತ್ತದೆ. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇದೆ, ಅಡ್ರಿನಲ್ ಗ್ರಂಥಿ. ಮಿದುಳಿನಿಂದ ನರದ ಮೂಲಕ ಸುದ್ದಿ ಬಂದ ಕೂಡಲೇ ಅದು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಗುಂಡಿಗೆ ಜೋರಾಗುತ್ತದೆ, ಉಸಿರು ಬೇಗವಾಗುತ್ತದೆ, ಕಾಲಿನ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಇದು ಕ್ಷಣಗಳಲ್ಲಿ ಆಗುವ ಕೆಲಸ. ಹಿಂದೆಯೇ ಇನ್ನೊಂದು ಸುದ್ದಿ ಹೊರಡುತ್ತದೆ, ಅದು ಟಪಾಲಿನ ಹಾಗೆ ಕೈಯಿಂದ ಕೈಗೆ ದಾಟುತ್ತಾ ಹೋಗುವಂಥದು. ಮಿದುಳಿನ ತಳದ ಹೈಪೋಥಲಾಮಸ್ ಪಕ್ಕದ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್‌ಗೆ ಹೇಳುತ್ತದೆ, ಆಗ ಕಾರ್ಟಿಸೋಲ್ ಎಂಬ ಹಾರ್ಮೋನು ಏರತೊಡಗುತ್ತದೆ. ಅದು ಏರಿ ತುದಿ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಿಸಿ ಓಡುವುದಕ್ಕೆ, ಹೊಡೆದಾಡುವುದಕ್ಕೆ ಬೇಕಾದ ಇಂಧನ ಒದಗಿಸುವುದು ಅದರ ಒಂದು ಕೆಲಸ.

ಕಾರ್ಟಿಸೋಲ್ ಕೆಟ್ಟದ್ದೇನಲ್ಲ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಏರಿರುತ್ತದೆ, ಅದರಿಂದಲೇ ನಾವು ಚುರುಕಾಗುವುದು. ಸಂಜೆಯ ಹೊತ್ತಿಗೆ ಇಳಿಯುತ್ತಾ ಬಂದು ನಡುರಾತ್ರಿಯ ಸುಮಾರಿಗೆ ತಳ ಕಾಣುತ್ತದೆ. ಚಿರತೆ ಹೋದ ಮೇಲೆ ಅದೂ ಇಳಿಯಬೇಕು. ತೊಂದರೆ ಎಲ್ಲಿದೆಯೆಂದರೆ, ನಮ್ಮ ಮೈಗೆ ಚಿರತೆಯೂ ಒಂದೇ, ಎರಡೂವರೆಗೆ ಹೊಡೆಯುವ ಫೋನೂ ಒಂದೇ, ಸಾಲದ ನೋಟೀಸೂ ಒಂದೇ. ಚಿರತೆಯಾದರೂ ಹೊರಟುಹೋಗುತ್ತದೆ. ಸಾಲ ಹೋಗುವುದಿಲ್ಲ. ಅಂಥ ಒತ್ತಡ ತಿಂಗಳುಗಟ್ಟಲೆ ಎಳೆದರೆ ನಿದ್ದೆ, ಹಸಿವು, ರಕ್ತದೊತ್ತಡ, ಸಕ್ಕರೆ, ಹೆಣ್ಣುಮಕ್ಕಳಲ್ಲಿ ತಿಂಗಳ ಲೆಕ್ಕ, ಎಲ್ಲಕ್ಕೂ ತೊಂದರೆ ಕೊಡುತ್ತದೆ.

ಇಲ್ಲಿ ಉಸಿರು ಎಲ್ಲಿಂದ ಬಂತು?

ನಮ್ಮೂರಿನಲ್ಲಿ ಪಂಪ್‌ಸೆಟ್ ಇಲ್ಲದ ತೋಟವಿಲ್ಲ. ಸ್ಟಾರ್ಟರ್ ಡಬ್ಬಕ್ಕೆ ಆಟೋ ಹಾಕಿರುತ್ತೇವೆ. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರಲಿ, ಮೋಟಾರು ತಾನಾಗಿಯೇ ಓಡುತ್ತದೆ, ಕರೆಂಟು ಹೋದರೆ ತಾನಾಗಿಯೇ ನಿಲ್ಲುತ್ತದೆ. ನಮ್ಮ ದೇಹದ ಒಳಗಿನ ಕೆಲಸಗಳೆಲ್ಲ ಹೀಗೆ ಆಟೋದಲ್ಲಿ ನಡೆಯುತ್ತವೆ. ಜಠರಕ್ಕೆ "ಇವತ್ತು ನಿಧಾನವಾಗಿ ಅರೆಯಪ್ಪ" ಎಂದು ಹೇಳಲು ಬರುವುದಿಲ್ಲ. ಗುಂಡಿಗೆಗೆ, ಅಡ್ರಿನಲ್ ಗ್ರಂಥಿಗೆ ನೇರವಾಗಿ ಹೇಳುವ ಸ್ವಿಚ್ಚು ನಮ್ಮ ಕೈಯಲ್ಲಿಲ್ಲ. ಉಸಿರು ಮಾತ್ರ ಬೇರೆ. ನಿದ್ದೆಯಲ್ಲಿ ಅದು ಆಟೋದಲ್ಲಿ ನಡೆಯುತ್ತದೆ, ಎಚ್ಚರವಿದ್ದಾಗ ಬೇಕೆಂದರೆ ನಾವೇ ಕೈಯಿಂದ ನಡೆಸಬಹುದು. ಆಟೋ ಮತ್ತು ಕೈ, ಎರಡೂ ಇರುವ ಡಬ್ಬ ಅದು. ಗುಂಡಿಗೆಯ ವೈರೂ ಅದೇ ಡಬ್ಬದ ಪಕ್ಕದಲ್ಲೇ ಹಾದುಹೋಗಿದೆ. ಹಾಗಾಗಿ ಉಸಿರನ್ನು ಹಿಡಿದರೆ ಉಳಿದದ್ದಕ್ಕೂ ಸ್ವಲ್ಪ ಮಟ್ಟಿಗೆ ಸುದ್ದಿ ಮುಟ್ಟುತ್ತದೆ. 'ಸ್ವಲ್ಪ ಮಟ್ಟಿಗೆ' ಎಂಬ ಮಾತನ್ನು ನೆನಪಿಡಿ, ಆಮೇಲೆ ಅದರ ಹತ್ತಿರವೇ ಬರುತ್ತೇನೆ.

ಆ ವೈರಿಗೆ ವೇಗಸ್ ನರ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅಲೆಮಾರಿ ಎಂದು ಅರ್ಥ. ಮಿದುಳಿನ ಬುಡದಿಂದ ಹೊರಟು ಗಂಟಲು, ಶ್ವಾಸಕೋಶ, ಹೃದಯ, ಹೊಟ್ಟೆ ಎಲ್ಲ ಕಡೆ ಅಲೆದುಕೊಂಡು ಹೋಗುತ್ತದೆ. ಇದರ ಬಗ್ಗೆ ಮಕ್ಕಳು ಕೇಳಲೇಬೇಕಾದ ಒಂದು ಕಥೆ ಇದೆ. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿ ಆಟ್ಟೋ ಲೋಯಿ ಎಂಬ ವಿಜ್ಞಾನಿ ಇದ್ದ. ನರ ಹೃದಯಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ, ಕರೆಂಟಿನಿಂದಲೋ, ಯಾವುದೋ ರಾಸಾಯನಿಕದಿಂದಲೋ ಎಂಬುದು ಆಗಿನ ಪ್ರಶ್ನೆ. ಒಂದು ರಾತ್ರಿ ಅದಕ್ಕೊಂದು ಪ್ರಯೋಗ ಕನಸಿನಲ್ಲಿ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಿಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲು ಬರಲಿಲ್ಲ! (ಕಾಪಿ ಪುಸ್ತಕ ಬರೆಯಿರಿ ಎಂದು ಮೇಷ್ಟ್ರುಗಳು ಸುಮ್ಮನೆ ಹೇಳುವುದಿಲ್ಲ.) ಪುಣ್ಯಕ್ಕೆ ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮತ್ತೆ ಬಂತು. ಈ ಸಲ ಚೀಟಿಯ ಸಹವಾಸವೇ ಬೇಡವೆಂದು ನೇರವಾಗಿ ಪ್ರಯೋಗಾಲಯಕ್ಕೆ ಹೋದ. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪು ನೀರಿನಲ್ಲಿ ಮಿಡಿಯಲು ಬಿಟ್ಟ. ಮೊದಲನೆಯದರ ವೇಗಸ್ ನರಕ್ಕೆ ಕರೆಂಟು ಮುಟ್ಟಿಸಿದ, ಆ ಹೃದಯ ನಿಧಾನವಾಯಿತು. ಅದರ ಸುತ್ತಲಿನ ನೀರನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದ. ನರವನ್ನು ಮುಟ್ಟದಿದ್ದರೂ ಅದೂ ನಿಧಾನವಾಯಿತು. ಅಂದರೆ ಮೊದಲ ಹೃದಯದ ನರದಿಂದ ಯಾವುದೋ ವಸ್ತು ನೀರಿಗೆ ಇಳಿದಿದೆ. 1921ರಲ್ಲಿ ಇದನ್ನು ಪ್ರಕಟಿಸಿದ. ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಹುಮಾನ ಬಂತು.

ಈ ವೇಗಸ್ ನರದ ಕೆಲಸವನ್ನು ನೋಡಲು ಕಪ್ಪೆ ಬೇಡ. ಮಕ್ಕಳೇ, ಎಡಗೈಯ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಬಲಗೈಯ ಎರಡು ಬೆರಳು ಇಡಿ. ನಾಡಿ ಸಿಕ್ಕಿತೇ? ಈಗ ಆಳವಾಗಿ ಉಸಿರು ತೆಗೆದುಕೊಳ್ಳಿ. ನಿಧಾನವಾಗಿ ಬಿಡಿ. ತೆಗೆದುಕೊಳ್ಳುವಾಗ ನಾಡಿ ಸ್ವಲ್ಪ ಬೇಗ, ಬಿಡುವಾಗ ಸ್ವಲ್ಪ ನಿಧಾನ. ಕೆಲವರಿಗೆ ಈಗಲೇ ಗೊತ್ತಾಗಿರಬಹುದು, ನಿಮ್ಮ ವಯಸ್ಸಿನವರಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರದ ಕಡಿವಾಣ ಬಿಗಿಯಾಗುತ್ತದೆ, ಅದಕ್ಕೇ ಹೀಗೆ. ಮೇಷ್ಟ್ರು ಟೀ ಆರಿಸಿದ ಹಾಗೆ ನಿಧಾನವಾಗಿ ಬಿಡಿ ಎಂದದ್ದರ ಒಳಗಿನ ಲೆಕ್ಕ ಇದು.

ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ. ಅದನ್ನು ಆರಕ್ಕೆ ಇಳಿಸಿದಾಗ ಈ ಏರಿಳಿತ ಹೆಚ್ಚಾಗುತ್ತದೆ. 2001ರಲ್ಲಿ ಇಟಲಿಯ ವೈದ್ಯರು ಇಪ್ಪತ್ತಮೂರು ಜನ ಆರೋಗ್ಯವಂತರನ್ನು ಕೂರಿಸಿ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, 'ಓಂ ಮಣಿ ಪದ್ಮೇ ಹೂಂ' ಎಂಬ ಬೌದ್ಧರ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಯಾವ ದೇವರೆಂದು ಹೃದಯ ಕೇಳಲಿಲ್ಲ, ಅದಕ್ಕೆ ಬೇಕಾಗಿದ್ದದ್ದು ಆ ಲಯ.

ಸರಿ, ನಾಡಿ ನಿಧಾನವಾಯಿತು. ಹಾರ್ಮೋನು? 2006ರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಒಂದು ಅಧ್ಯಯನ ಪ್ರಕಟವಾಯಿತು. ಕುಡಿತ ಬಿಡಿಸಿಕೊಳ್ಳಲು ದಾಖಲಾಗಿದ್ದ ಅರವತ್ತು ಜನರಲ್ಲಿ ಅರ್ಧ ಜನರಿಗೆ ಲಯಬದ್ಧ ಉಸಿರಾಟದ ಒಂದು ಅಭ್ಯಾಸವನ್ನು ಎರಡು ವಾರ ಮಾಡಿಸಿದರು, ಉಳಿದವರಿಗೆ ಮಾಡಿಸಲಿಲ್ಲ. ಎರಡೂ ಗುಂಪಿನವರಲ್ಲಿ ಕಾರ್ಟಿಸೋಲ್ ಇಳಿದಿತ್ತು, ಕುಡಿತ ನಿಂತಾಗ ಇಳಿಯುವುದು ಸಹಜವೇ. ಆದರೆ ಅಭ್ಯಾಸ ಮಾಡಿದವರಲ್ಲಿ ಹೆಚ್ಚು ಇಳಿದಿತ್ತು, ಮನಸ್ಸಿನ ಕುಗ್ಗುವಿಕೆಯೂ ಹೆಚ್ಚು ಕಡಿಮೆಯಾಗಿತ್ತು. ಸಣ್ಣ ಅಧ್ಯಯನ, ಎರಡೇ ವಾರ. ಆದರೂ ನಮ್ಮ ಊರಿನಲ್ಲಿ ಈ ಚಟದಿಂದ ಎಷ್ಟು ಮನೆ ಹಾಳಾಗಿವೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಒಂದೆರಡು ಮುಖ ಬಂದವು.

ಇದಕ್ಕೆ ಉಲ್ಟಾ ಇನ್ನೊಂದಿದೆ. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೆಲವು ಯುವಕರು ಜೋರು ಜೋರಾಗಿ ಉಸಿರಾಡಿ ಆಮೇಲೆ ಉಸಿರು ಕಟ್ಟುವ ಅಭ್ಯಾಸ ಮಾಡಿದಾಗ ಅವರ ರಕ್ತದಲ್ಲಿ ಅಡ್ರಿನಲಿನ್ ಬಹಳ ಏರಿತು. ಅಂದರೆ ಉಸಿರಿನಿಂದ ಹಾರ್ಮೋನನ್ನು ಏರಿಸಲೂ ಬಹುದು. ಟಿ.ವಿ.ಯಲ್ಲಿ ನೋಡಿ ಭುಸ್ ಭುಸ್ ಎಂದು ಉಸಿರು ಎಸೆಯುವವರು ಇದನ್ನು ತಿಳಿದಿರಬೇಕು. ಬೇಗ ಬೇಗ ಉಸಿರು ಬಿಟ್ಟರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ. ಆವತ್ತು ರಾತ್ರಿ ನನಗಾದದ್ದೂ ಅದೇ. ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆ ರೋಗ, ಕಣ್ಣಿನ ಗ್ಲಾಕೋಮಾ ಇರುವವರು, ಗರ್ಭಿಣಿಯರು ಆ ಬಗೆಯ ಅಭ್ಯಾಸಗಳನ್ನು ಡಾಕ್ಟರನ್ನು ಕೇಳದೆ ಮಾಡಬಾರದು.

ಈಗ ಕೆಟ್ಟದ್ದು.

ನನಗೆ ಗುಣ ಕಂಡ ಮೇಲೆ ನಾನು ಉಸಿರಾಟದ ಪ್ರಚಾರಕನಾಗಿಬಿಟ್ಟೆ. ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಸಿಕ್ಕರೆ ಅಲ್ಲಿ ಅದೇ ಮಾತು. ಫೋನಿನಲ್ಲಿ ಬಂದ ವಿಡಿಯೋಗಳನ್ನು ಪೂರ್ತಿ ನೋಡದೆಯೇ ಎಲ್ಲರಿಗೂ ಕಳಿಸುತ್ತಿದ್ದೆ. ಅದರಲ್ಲೊಂದು, ಗಂಟಲಿನಲ್ಲಿ ಸದ್ದು ಮಾಡಿ ಉಸಿರಾಡಿದರೆ ಥೈರಾಯ್ಡ್ ಬೇರುಸಹಿತ ವಾಸಿಯಾಗುತ್ತದೆ, ಮಾತ್ರೆ ಬೇಡವೇ ಬೇಡ ಎಂದು ಹೇಳುವಂಥದು. ನಮ್ಮ ಅವ್ವನಿಗೆ ಥೈರಾಯ್ಡ್ ಕಡಿಮೆ. ಆರೇಳು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ ನುಂಗುತ್ತಿದ್ದಳು. ಆ ವಿಡಿಯೋ ಅವಳಿಗೂ ಹೋಯಿತು, ನನ್ನ ಹೆಸರಿನಿಂದ.

ಅವಳು ಮಾತ್ರೆ ನಿಲ್ಲಿಸಿದಳು. ನನಗೆ ಹೇಳಲಿಲ್ಲ. ಮಗನೇ ಕಳಿಸಿದ್ದಾನಲ್ಲ, ಹೇಳುವುದೇನು?

ಈ ಮಾತ್ರೆಯ ಗುಣ ಒಂದಿದೆ, ಅದು ಗೊತ್ತಿಲ್ಲದೆ ಬಹಳ ಜನ ಮೋಸ ಹೋಗುತ್ತಾರೆ. ಇವತ್ತು ನಿಲ್ಲಿಸಿದರೆ ನಾಳೆ ಏನೂ ಆಗುವುದಿಲ್ಲ. ಮೈಯಲ್ಲಿರುವ ಆ ಹಾರ್ಮೋನು ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು ಒಂದು ವಾರ ಬೇಕು. ಮೊದಲ ಎರಡು ಮೂರು ವಾರ ಅವ್ವ ಚೆನ್ನಾಗಿಯೇ ಇದ್ದಳು. ಬೆಳಿಗ್ಗೆ ಕೂತು ಉಸಿರಾಟ ಮಾಡುತ್ತಿದ್ದರಿಂದ ಮನಸ್ಸು ಹಗುರವಾಗಿತ್ತು, ಅದೂ ನಿಜವೇ. "ವಾಸಿಯಾಯ್ತು ಕಣ್ರೇ" ಎಂದು ಪಕ್ಕದ ಮನೆಯವರಿಗೂ ಹೇಳಿದ್ದಳಂತೆ. ಆಮೇಲೆ ನಿಧಾನವಾಗಿ ಶುರುವಾಯಿತು. ಫೋನಿನಲ್ಲಿ ದನಿ ಗೊಗ್ಗರಾಗಿ ಕೇಳುತ್ತಿತ್ತು, ನೆಗಡಿ ಇರಬೇಕೆಂದುಕೊಂಡೆ. ಹೇಳಿದ್ದನ್ನು ಮರೆಯುತ್ತಿದ್ದಳು, ವಯಸ್ಸಾಯಿತು ಎಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಯುಗಾದಿಗೆ ಊರಿಗೆ ಬಂದಾಗ ನೋಡುತ್ತೇನೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಶಾಲು ಹೊದ್ದು ಜಗಲಿಯಲ್ಲಿ ಕೂತಿದ್ದಾಳೆ. ಮುಖ ಊದಿತ್ತು. ಒಬ್ಬಟ್ಟಿನ ಹೂರಣ ರುಬ್ಬಲು ಎದ್ದವಳು ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡಳು. "ಮಾತ್ರೆ ತಗೊಂಡ್ಯೇನವ್ವ?" ಎಂದು ಕೇಳಿದೆ. "ನೀನೇ ಕಳಿಸಿದ್ದೆಯಲ್ಲಪ್ಪ, ಬೇಡ ಅಂತ" ಎಂದಳು.

ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದೆವು. ಟಿ.ಎಸ್.ಎಚ್. ನಾಲ್ಕೈದರ ಒಳಗಿರಬೇಕಾದದ್ದು ಅರವತ್ತು ದಾಟಿತ್ತು. ಟಿ.ಎಸ್.ಎಚ್. ಎಂದರೆ ಪಿಟ್ಯುಟರಿ ಥೈರಾಯ್ಡ್ ಗ್ರಂಥಿಗೆ ಹಾಕುವ ಕೂಗು. ಕರೆದರೆ ಓಗೊಡದವರನ್ನು ಇನ್ನೂ ಜೋರಾಗಿ ಕೂಗುತ್ತೇವಲ್ಲ, ಹಾಗೆ ಗ್ರಂಥಿ ಕೆಲಸ ಮಾಡದಿದ್ದರೆ ಈ ಸಂಖ್ಯೆ ಏರುತ್ತಾ ಹೋಗುತ್ತದೆ. ಅವ್ವನ ಥೈರಾಯ್ಡ್ ಗ್ರಂಥಿಯನ್ನು ಅವಳ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ತಿಳಿದು ಹಾಳುಮಾಡಿದೆ. ಇದನ್ನು 1912ರಲ್ಲೇ ಜಪಾನಿನ ಹಶಿಮೋಟೋ ಎಂಬ ವೈದ್ಯರು ವಿವರಿಸಿದ್ದರು, ಇವತ್ತಿಗೂ ಅವರದೇ ಹೆಸರು. ಮೋಟಾರಿನ ಕಾಯಿಲ್ ಸುಟ್ಟುಹೋದ ಮೇಲೆ ಸ್ಟಾರ್ಟರಿನಲ್ಲಿ ಆಟೋ ಹಾಕಿದರೂ ಅಷ್ಟೇ, ಕೈಯಿಂದ ಒತ್ತಿದರೂ ಅಷ್ಟೇ. ಉಸಿರು ಸ್ವಿಚ್ಚಿನ ಕಡೆಯದು, ಕಾಯಿಲ್ ಕಟ್ಟುವುದು ಅದರಿಂದ ಆಗುವುದಿಲ್ಲ. ಗ್ರಂಥಿ ತಯಾರಿಸಲಾರದ ಹಾರ್ಮೋನನ್ನು ಹೊರಗಿನಿಂದಲೇ ಕೊಡಬೇಕು. ಆ ಪುಟ್ಟ ಮಾತ್ರೆ ಎಂದರೆ ಅದೇ ಹಾರ್ಮೋನು.

ಡಾಕ್ಟರು ಬೈಯಲಿಲ್ಲ. "ಇನ್ನೊಂದಷ್ಟು ದಿನ ಹೀಗೇ ಬಿಟ್ಟಿದ್ದರೆ ಎಚ್ಚರ ತಪ್ಪಿ ಬರಬಹುದಿತ್ತು" ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಮಾತ್ರೆ ಮತ್ತೆ ಶುರುವಾಗಿ ಅವ್ವ ಮೊದಲಿನಂತಾಗಲು ಎರಡು ಮೂರು ತಿಂಗಳು ಹಿಡಿಯಿತು. ಈಗ ಅವಳು ಅಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಇದನ್ನೆಲ್ಲ ಹೇಳಲೇ ಎಂದು ನಿನ್ನೆ ಕೇಳಿದೆ. "ಹೇಳು, ಮುಖ ಊದಿದ್ದೊಂದು ಹೇಳಬೇಡ" ಎಂದಿದ್ದಳು. ಅದನ್ನೂ ಹೇಳಿಬಿಟ್ಟೆ, ತಪ್ಪಾಯಿತವ್ವ.

ಈಗ ಅವಳ ದಿನಚರಿ ಹೀಗಿದೆ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ. ಅದಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಏನೂ ಇಲ್ಲ. ಆ ಖಾಲಿ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಉಸಿರಾಟ. ಮಾತ್ರೆ ಗ್ರಂಥಿಯ ಕೊರತೆ ತುಂಬುತ್ತದೆ. ಉಸಿರಾಟದಿಂದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಅಪ್ಪನ ಮೇಲೆ ಸಿಟ್ಟು ಕಡಿಮೆಯಾಗಿದೆ ಎನ್ನುತ್ತಾಳೆ. ಅಪ್ಪ ಇದನ್ನು ಒಪ್ಪುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಅದರಲ್ಲೂ ಇನ್ಸುಲಿನ್ ಚುಚ್ಚಿಕೊಳ್ಳುವ ಮಕ್ಕಳಿದ್ದಾರೆ, ಅವರ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಯಾರದೋ ಮಾತು ಕೇಳಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಆಸ್ತಮಾದವರು ಇನ್‌ಹೇಲರ್ ಬಿಡಬಾರದು. ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು, ತಾಯಂದಿರು ಸಂಕೋಚ ಬಿಟ್ಟು ಕೇಳಿ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಆದರೆ ಮೂರು ನಾಲ್ಕು ತಿಂಗಳು ಬಾರದೇ ಇದ್ದರೆ, ವಿಪರೀತ ಹೋಗುತ್ತಿದ್ದರೆ ಪಿ.ಸಿ.ಓ.ಎಸ್. ಇದೆಯೇ, ಥೈರಾಯ್ಡ್ ಇದೆಯೇ, ರಕ್ತಹೀನತೆಯೇ ಎಂದು ಡಾಕ್ಟರು ನೋಡಬೇಕು. "ಟೆನ್ಷನ್ ಮಾಡ್ಕೋಬೇಡ, ಉಸಿರಾಟ ಮಾಡು" ಎಂದು ಮನೆಯಲ್ಲೇ ಮುಗಿಸಬೇಡಿ. ಆಶಾ ಕಾರ್ಯಕರ್ತೆಯರು ನಮ್ಮ ಬೀದಿಯಲ್ಲೇ ಇದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರವೂ ಇದೆ.

ಹಾಗಾದರೆ ಉಸಿರಾಟ ಯಾವುದಕ್ಕೆ? ಒತ್ತಡಕ್ಕೆ, ಗಾಬರಿಗೆ, ನಿದ್ದೆ ಬಾರದ ರಾತ್ರಿಗೆ. ಆ ಕೆಲಸ ಸಣ್ಣದಲ್ಲ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನೂರಕ್ಕೂ ಹೆಚ್ಚು ಜನರಿಗೆ ದಿನಕ್ಕೆ ಐದೇ ನಿಮಿಷ ಒಂದು ತಿಂಗಳು ಬೇರೆ ಬೇರೆ ಅಭ್ಯಾಸ ಮಾಡಿಸಿ ನೋಡಿದರು. ಉಸಿರನ್ನು ಉದ್ದವಾಗಿ ಬಿಡುವ ಬಗೆ ಮಾಡಿದವರ ಮನಸ್ಸಿನ ಉಲ್ಲಾಸ ಧ್ಯಾನ ಮಾಡಿದವರಿಗಿಂತ ಹೆಚ್ಚು ಏರಿತ್ತು. ಐದು ನಿಮಿಷ, ದುಡ್ಡು ಖರ್ಚಿಲ್ಲ, ಚಾಪೆಯೂ ಬೇಡ.

ನಾನು ಮಾಡುವುದನ್ನು ಹೇಳುತ್ತೇನೆ. ಬೆನ್ನು ನೇರವಾಗಿಟ್ಟು ಕೂರುವುದು. ಒಂದು ಕೈ ಹೊಟ್ಟೆಯ ಮೇಲೆ, ಉಸಿರು ತೆಗೆದುಕೊಂಡಾಗ ಆ ಕೈ ಮುಂದೆ ಬರಬೇಕು, ಭುಜ ಮೇಲೇಳಬಾರದು. ಮೂಗಿನಿಂದ ನಾಲ್ಕು ಎಣಿಸುವಷ್ಟು ತೆಗೆದುಕೊಳ್ಳುವುದು, ಆರು ಎಣಿಸುವಷ್ಟು ಬಿಡುವುದು. ಉಸಿರು ಕಟ್ಟಬಾರದು, ದಬ್ಬಬಾರದು. ಹತ್ತು ಸೆಕೆಂಡಿಗೆ ಒಂದು, ನಿಮಿಷಕ್ಕೆ ಆರು. ನಾಲ್ಕು ಆರು ಕಷ್ಟವಾದರೆ ಮೂರು ನಾಲ್ಕು ಸಾಕು. ತಲೆ ಸುತ್ತಿದರೆ ಬಿಟ್ಟು ಮಾಮೂಲಿಯಾಗಿ ಉಸಿರಾಡಿ. ಮಲಗುವ ಮುಂಚೆ ಮಾಡಿದರೆ ನನಗೆ ಹೆಚ್ಚು ಪ್ರಯೋಜನ ಕಂಡಿದೆ. ಆದರೆ ಹನ್ನೆರಡರವರೆಗೆ ಮೊಬೈಲು ತಿಕ್ಕಿ ಆಮೇಲೆ ಐದು ನಿಮಿಷ ಉಸಿರಾಡಿದರೆ ನಡೆಯುವುದಿಲ್ಲ. ಹತ್ತನೇ ತರಗತಿಯವರೇ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹೊರಬರುವುದು ಗಾಢ ನಿದ್ದೆಯಲ್ಲಿ. ಎತ್ತರ ಆಗಬೇಕೆಂಬ ಆಸೆ ಇದ್ದವರು ಹೊತ್ತಿಗೆ ಸರಿಯಾಗಿ ಮಲಗಿ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಓದಿದ್ದೆಲ್ಲ ಮರೆತ ಹಾಗಾಗುತ್ತದಲ್ಲ, ಆಗ ಪೆನ್ನು ಕೆಳಗಿಟ್ಟು ಆರು ಉಸಿರು. ಒಂದು ನಿಮಿಷ ಹೋಗುತ್ತದೆ, ಮೂರು ಗಂಟೆಯಲ್ಲಿ ಒಂದು ನಿಮಿಷ. ಓದದೇ ಇದ್ದದ್ದು ಮಾತ್ರ ಎಷ್ಟು ಉಸಿರಾಡಿದರೂ ನೆನಪಿಗೆ ಬರುವುದಿಲ್ಲ, ಅದರಲ್ಲಿ ನನಗೆ ಅನುಭವವಿದೆ.

ಆಗಲೇ ಪಾಯಸದ ವಾಸನೆ ಬರುತ್ತಿದೆ. ಹೊಟ್ಟೆ ತುಂಬಿದ ಮೇಲೆ ಇದನ್ನು ಮಾಡಲು ಬರುವುದಿಲ್ಲ, ಆದ್ದರಿಂದ ಊಟಕ್ಕೆ ಮೊದಲು ಎರಡೇ ನಿಮಿಷ ಎಲ್ಲರೂ ಸೇರಿ ಮಾಡಿಬಿಡೋಣ. ಹನ್ನೆರಡು ಉಸಿರು. ನಾನು ಎಣಿಸುತ್ತೇನೆ. ಮೇಷ್ಟ್ರೇ, ನಿಮ್ಮ ಸೀಟಿ ಇವತ್ತೂ ಜೇಬಿನಲ್ಲಿದೆ ಎಂದು ಆಗಲೇ ನೋಡಿದ್ದೇನೆ. ದಯವಿಟ್ಟು ಶುರು ಮಾಡಿಸಿ.